ಬಂಜರು ನೆಲದ ಬಂಗಾರ ಈ ಆವರಿಕೆ

ಕುಣಿಗಲ್‌ನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕೂತು ನೋಡಿ. ಕಲ್ಲುಗುಡ್ಡದ ತಪ್ಪಲಲ್ಲಿ, ಹೊಲದ ಬದುವಿನಲ್ಲಿ ಒಂದು ಪೊದೆ ಮೈತುಂಬ ಹಳದಿ ಹೂ ಹೊತ್ತು ನಿಂತಿರುತ್ತದೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ. ಇದೇ ಆವರಿಕೆ, ತಂಗಡಿ ಎಂದರೂ ಇದೇ.

ಕಾಡುಗಿಡ ತಾನೇ ಎಂದು ಮೂಗು ಮುರಿಯಬೇಡಿ. ನೆರೆಯ ತೆಲಂಗಾಣ 2014ರಲ್ಲಿ ಇದನ್ನೇ ತನ್ನ ರಾಜ್ಯದ ಹೂವಾಗಿ ಆರಿಸಿಕೊಂಡಿತು. ಅಲ್ಲಿನ ಹೆಣ್ಣುಮಕ್ಕಳ ಬತುಕಮ್ಮ ಹಬ್ಬಕ್ಕೆ ಈ ಹೂ ಬೇಕೇ ಬೇಕು. ಇದರ ತೊಗಟೆ ಚರ್ಮ ಹದಮಾಡಲು ಬಳಕೆಯಾಗುತ್ತಿತ್ತು. ಒಣಹೂವಿನ ಕಷಾಯ ಮಾಡಿ ಕುಡಿಯುವ ಮನೆಗಳೂ ಉಂಟು.

ಎಚ್ಚರ ಬೇಕಾದದ್ದು ಇಲ್ಲೇ. ಆವರಿಕೆಯ ದಾಯಾದಿಯೊಂದಿದೆ, ದೊಡ್ಡ ತಗಚೆ. ಸಂಸ್ಕೃತದಲ್ಲಿ ಕಾಸಮರ್ದ. ಹೂ ಅದಕ್ಕೂ ಹಳದಿ, ಬೆಳೆಯುವುದೂ ರಸ್ತೆ ಬದಿಯಲ್ಲೇ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷವರ್ಷವೂ ಎಳೆಯ ಮಕ್ಕಳು ಸಾಯುತ್ತಿದ್ದರು. ಮೆದುಳು ಜ್ವರ ಎಂದೇ ಎಲ್ಲರೂ ತಿಳಿದಿದ್ದರು. ಆ ಮಕ್ಕಳು ಆಟವಾಡುತ್ತಾ ಈ ಗಿಡದ ಬೀಜ ತಿಂದಿದ್ದರೆಂದು 2007ರಲ್ಲಿ ಪ್ರಕಟವಾದ ವೈದ್ಯರ ಅಧ್ಯಯನ ತೋರಿಸಿತು. ಅದರ ವಿಷ ಪಿತ್ತಜನಕಾಂಗ, ಸ್ನಾಯು, ಮೆದುಳು ಮೂರಕ್ಕೂ ತಗಲುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ ಅಂತೀರಾ?

ಆವರಿಕೆ: ಒಂದು ಕಡ್ಡಿಗೆ 8ರಿಂದ 12 ಜೊತೆ ಪುಟ್ಟ ಎಲೆಗಳು, ತುದಿ ಮೊಂಡು. ಕಡ್ಡಿ ಕಾಂಡಕ್ಕೆ ಸೇರುವ ಕಡೆ ಕಿವಿಯಾಕಾರದ ಅಗಲವಾದ ಎಲೆಯಂಥ ಭಾಗ ಅಂಟಿಕೊಂಡಿರುತ್ತದೆ. ಇದೇ ಖಚಿತ ಗುರುತು. ಕಾಯಿ ಚಪ್ಪಟೆ, ಒಣಗಿದರೆ ಕಾಗದದಷ್ಟು ತೆಳು.

ದೊಡ್ಡ ತಗಚೆ: ಎಲೆ 3ರಿಂದ 5 ಜೊತೆ ಮಾತ್ರ, ತುದಿ ಚೂಪು. ಹಿಸುಕಿದರೆ ಕೆಟ್ಟ ವಾಸನೆ. ಕಾಯಿ ಸಪೂರ, ತುಸು ಬಾಗಿರುತ್ತದೆ. ಅಂಗಳದಲ್ಲಿ ಕಂಡರೆ ಕಾಯಿ ಕಟ್ಟುವ ಮೊದಲೇ ಕಿತ್ತುಹಾಕಿ.

ಎಲ್ಲಕ್ಕಿಂತ ಒಳ್ಳೆಯದು, ಗುರುತು ಹಿಡಿದ ಗಿಡದಿಂದಲೇ ಬೀಜ ತಂದು ಮನೆಯಲ್ಲೇ ಬೆಳೆಸಿಕೊಳ್ಳುವುದು. ಆಗ ರಸ್ತೆಯ ಧೂಳೂ ಇಲ್ಲ, ಹೊಲದ ಔಷಧಿಯ ಭಯವೂ ಇಲ್ಲ.

ಕಂದುಬಣ್ಣಕ್ಕೆ ತಿರುಗಿದ ಕಾಯಿಯ ಬೀಜ ಬಿಡಿಸಿಕೊಳ್ಳಿ. ಸಿಪ್ಪೆ ಬಲು ಗಟ್ಟಿ, ಹಾಗೇ ಬಿತ್ತಿದರೆ ಬೇಗ ಮೊಳೆಯುವುದಿಲ್ಲ. ಲೋಟದಲ್ಲಿ ಹಾಕಿ ಬಿಸಿನೀರು ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಕೆಮ್ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿ ಬೆರಳಿನ ಒಂದು ಗೆಣ್ಣು ಆಳಕ್ಕೆ ಊರಿ. ತಾಯಿಬೇರು ಆಳಕ್ಕೆ ಇಳಿಯುವ ಗಿಡವಾದ್ದರಿಂದ ಬೆಳೆಯಬೇಕಾದ ಜಾಗದಲ್ಲೇ ಬಿತ್ತುವುದು ಮೇಲು. ಕುಂಡವಾದರೆ ದೊಡ್ಡದೇ ಇರಲಿ, ತಳದಲ್ಲಿ ತೂತಿರಲಿ.

ದಿನವಿಡೀ ಬಿಸಿಲು ಬೀಳಬೇಕು. ಸಸಿ ಬೇರೂರುವವರೆಗೆ ನೀರು ಕೊಡಿ, ಆಮೇಲೆ ಮಣ್ಣು ಚೆನ್ನಾಗಿ ಒಣಗಿದಾಗ ಸಾಕು. ಪ್ರೀತಿ ಹೆಚ್ಚಾಗಿ ದಿನಾ ನೀರು ಹುಯ್ದರೆ ಬೇರು ಕೊಳೆತೀತು! ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಪೊದೆ ದಟ್ಟವಾಗುತ್ತದೆ. ಎಲೆಯಲ್ಲಿ ಹಸಿರು ಹುಳು ಕಂಡರೆ ಗಾಬರಿ ಬೇಡ. ತಿಳಿಬಣ್ಣದ ಚಿಟ್ಟೆಗಳ ಮರಿಗಳಿರಬಹುದು.

ಕೊನೆಗೆ ಒಂದು ಮಾತು. ಸಕ್ಕರೆ ಕಾಯಿಲೆಗೆ ಆವರಿಕೆ ಒಳ್ಳೆಯದಂತೆ ಎಂದು ಯಾರೋ ಹೇಳಿದರೆಂದು ಮಾತ್ರೆ ನಿಲ್ಲಿಸಬೇಡಿ. ಗರ್ಭಿಣಿಯರು, ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಕಷಾಯ ಕುಡಿಯಬಾರದು. ಕಣ್ಣಿಗಂತೂ ಈ ಹೂ ಎಲ್ಲರಿಗೂ ಹಿತ. ಬಾವಿ ಬತ್ತಿದ ವರ್ಷವೂ ನಿಮ್ಮ ಅಂಗಳದಲ್ಲಿ ಬಂಗಾರ ಅರಳೀತು.