ಘಟ್ಟದ ದಾರಿಯಲ್ಲಿ ಓಲೆಕಾರನ ಓಟ

ಕನ್ನಡ ನಾಡಿನ ಹಳೆಯ ಸಂಚಾರಮಾರ್ಗಗಳನ್ನು ಕುರಿತು ವಿಚಾರಮಾಡುವಾಗ ನಾವು ಸಾಮಾನ್ಯವಾಗಿ ಇಂದಿನ ರಸ್ತೆಯ ನಕಾಶೆಯನ್ನು ಮುಂದಿಟ್ಟುಕೊಳ್ಳುತ್ತೇವೆ. ಅದರ ಮೇಲೆ ರಾಜಧಾನಿಗಳನ್ನೂ ಬಂದರುಗಳನ್ನೂ ಗುರುತಿಸಿ, ನಡುವೆ ಹಾದಿರುವ ರಸ್ತೆಯೇ ಪ್ರಾಚೀನ ಮಾರ್ಗವೆಂದು ತೃಪ್ತರಾಗುತ್ತೇವೆ. ಬಯಲುಸೀಮೆಯ ಮಟ್ಟಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಸಹ್ಯಾದ್ರಿಯ ವಿಷಯದಲ್ಲಾದರೋ ಈ ಕ್ರಮವು ಪೂರ್ತಿಯಾಗಿ ದಾರಿತಪ್ಪಿಸುವಂಥದು. ಎಂ.ಎ. ತರಗತಿಗೆ ಬರೆದ ಪ್ರಬಂಧದಲ್ಲಿ ನಾವೂ ಈ ತಪ್ಪನ್ನು ಮಾಡಿದ್ದೆವು. ಬಿದನೂರಿನಿಂದ ಕರಾವಳಿಗೆ ಸುದ್ದಿ ತಲಪಲು ಎಷ್ಟು ಕಾಲ ಬೇಕಾಗುತ್ತಿತ್ತೆಂಬುದನ್ನು ಮೋಟಾರು ರಸ್ತೆಯ ಮೈಲಿಗಲ್ಲುಗಳಿಂದ ಲೆಕ್ಕಹಾಕಿ ಬರೆದಿದ್ದಾಗ, ಪ್ರಬಂಧವನ್ನು ಓದಿದ ಹಿರಿಯರೊಬ್ಬರು, "ನಿಮ್ಮ ಓಲೆಕಾರ ಬಸ್ಸಿನಲ್ಲಿ ಹೋದನೇನು?" ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಘಟ್ಟದ ಪೂರ್ವಪಾರ್ಶ್ವವು ಮೆಲ್ಲಮೆಲ್ಲನೆ ಇಳಿದು ಬಯಲಿನೊಡನೆ ಬೆರೆಯುತ್ತದೆ. ಪಶ್ಚಿಮಪಾರ್ಶ್ವವಾದರೆ ಗೋಡೆಯಂತೆ ಕಡಿದಾಗಿದೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿರುವ ಆಗುಂಬೆಯಲ್ಲಿ ನಿಂತವನಿಗೆ ಸೋಮೇಶ್ವರದ ಕಾಡು ಕಾಲಕೆಳಗೇ ಇರುವಂತೆ ತೋರುತ್ತದೆ. ಅಲ್ಲಿ ಸುರಿಯುವ ಮಳೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕುತ್ತದೆ. ಇಷ್ಟು ನೀರು ಗೋಡೆಯನ್ನು ಕೊರೆದು ಇಳಿಯುವುದರಿಂದ ಪಡುವಣ ಕಣಿವೆಗಳೆಲ್ಲ ಆಳವಾದ ಕಮರಿಗಳು. ಅವುಗಳಲ್ಲಿ ಬಂಡೆ, ಮಡು, ಜಲಪಾತಗಳೇ ಹೊರತು ದಾರಿಗೆ ಎಡೆಯಿಲ್ಲ. ಆದ್ದರಿಂದ ಕಾಲುದಾರಿಯು ಕಣಿವೆಯನ್ನು ಬಿಟ್ಟು, ಎರಡು ಕಣಿವೆಗಳ ನಡುವೆ ಚಾಚಿಕೊಂಡಿರುವ ಏಣನ್ನು ಹಿಡಿಯಿತು. ಏಣಿನ ಮೇಲೆ ನೀರು ನಿಲ್ಲದು, ದಾಟಬೇಕಾದ ಹಳ್ಳಗಳು ಕಡಮೆ, ಉಂಬಳದ ಕಾಟವೂ ಅಷ್ಟಾಗಿ ಇಲ್ಲ. ಏರು ಮಾತ್ರ ಎದೆಯೊಡೆಯುವಷ್ಟು.

ಗಾಡಿಗೆ ಈ ಏರು ಸಾಧ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿರಸ್ತೆಗಳನ್ನು ಕಡಿಸಿದ ಇಂಜಿನಿಯರುಗಳು ಬೆಟ್ಟದ ಪಕ್ಕವನ್ನು ಕೊರೆದು, ತಿರುವಿನ ಮೇಲೆ ತಿರುವನ್ನಿಟ್ಟು, ಏರನ್ನು ಹಂಚಿಬಿಟ್ಟರು. ಆಗುಂಬೆಯ ರಸ್ತೆಯಲ್ಲಿ ಇಂಥ ತಿರುವುಗಳು 14. ಎತ್ತಿಗೆ ಹಿತವಾದ ರಸ್ತೆ ಓಟಗಾರನಿಗೆ ಸುತ್ತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಹಳೆಯ ಪ್ರವಾಸಿಗರ ಬರಹಗಳನ್ನು ಓದಿದರೆ ಅವರು ಹೇಳುವ ದಿನಗಳ ಲೆಕ್ಕ ನಮಗೆ ಹೊಂದುವುದೇ ಇಲ್ಲ.

ಆ ಬರಹಗಳಲ್ಲಿ ಇಬ್ನ್ ಬತೂತನದು ಗಮನಾರ್ಹವಾದುದು. 1333ರಲ್ಲಿ ಹಿಂದೂಸ್ಥಾನಕ್ಕೆ ಬಂದ ಅವನು ಕಾಲಾಳಿನ ಅಂಚೆಯನ್ನು ವಿವರವಾಗಿ ವರ್ಣಿಸಿದ್ದಾನೆ. ಒಂದೊಂದು ಮೈಲಿಗೆ ಮೂರು ಠಾಣೆಗಳು. ಓಟಗಾರನ ಒಂದು ಕೈಯಲ್ಲಿ ಓಲೆ, ಇನ್ನೊಂದರಲ್ಲಿ ತುದಿಗೆ ತಾಮ್ರದ ಗಂಟೆಗಳನ್ನು ಕಟ್ಟಿದ ಕೋಲು. ಗಂಟೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸಿದ್ಧನಾಗಿ ನಿಲ್ಲುವನು. ಪಡುಗರೆಯ ಮಲೆಯಾಳ ಸೀಮೆಯಲ್ಲಿ ಸಂಚರಿಸಿದಾಗ ಅವನು ಕಂಡದ್ದು ಇನ್ನೊಂದು: ಅಲ್ಲಿ ಜನರು ಸವಾರಿಗೆ ಪ್ರಾಣಿಗಳನ್ನು ಬಳಸರು, ಸರಕೆಲ್ಲ ಮನುಷ್ಯರ ಬೆನ್ನಿನ ಮೇಲೆಯೇ ಸಾಗುತ್ತದೆ, ದಾರಿಯುದ್ದಕ್ಕೂ ಪಥಿಕರು ಕೂತು ದಣಿವಾರಿಸಿಕೊಳ್ಳುವ ಮನೆಗಳೂ ಬಾವಿಗಳೂ ಇವೆ. ಚಕ್ರವಿಲ್ಲದ ನಾಡಿನಲ್ಲಿ ಕಾಲೇ ಅಳತೆ.

1443ರಲ್ಲಿ ಅಬ್ದುರ್ ರಜಾಕನು ಮಂಗಳೂರಿನಿಂದ ಘಟ್ಟವೇರಿ ವಿಜಯನಗರಕ್ಕೆ ಹೋದನು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವನ್ನು ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನನ್ನು ಕಂಡನು. ಹಿಂದಿರುಗುವಾಗ ಅವನು ಹಿಡಿದದ್ದು ಬೇರೆ ದಾರಿ. ಕೊಲ್ಲೂರಿನ ಕಡೆಗೆ ಇಳಿದು ಬಸರೂರನ್ನು ಸೇರಿದನು. ಒಂದೇ ರಾಜಧಾನಿಗೆ ಎರಡು ಘಟ್ಟಗಳು, ಎರಡು ಬಂದರುಗಳು. ಕೆಳದಿಯ ಅರಸರ ಬಲದ ಗುಟ್ಟು ಇದರಲ್ಲಿ ಬಹುಮಟ್ಟಿಗೆ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಮೇಲಿನಿಂದ ಮೆಣಸು, ಅಡಕೆ, ಏಲಕ್ಕಿ. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ. ಎತ್ತಿನ ಹೇರುಗಳ ಸಾಲು ಏರಿ ಇಳಿಯುವ ಕಡೆಯಲ್ಲೆಲ್ಲ ಸುಂಕದ ಕಟ್ಟೆ.

ಇನ್ನು ಮೈಸೂರಿನ ಅಂಚೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಇದನ್ನು ಕ್ರಮವಾಗಿ ಏರ್ಪಡಿಸಿದರೆಂಬುದು ಪ್ರಸಿದ್ಧವೇ ಆಗಿದೆ. ಇದು ಕಾಗದಗಳನ್ನು ಸಾಗಿಸುವ ಇಲಾಖೆ ಮಾತ್ರವಾಗಿರಲಿಲ್ಲ. ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತರು; ಖಾಸಗಿ ಓಲೆಗಳನ್ನು ಒಡೆದು ಓದಿ ವಿಷಯವನ್ನು ಅರಸರಿಗೆ ತಿಳಿಸುವ ಅಧಿಕಾರ ಅವರಿಗಿತ್ತೆಂದು ವಿಲ್ಕ್ಸನು ಬರೆದಿದ್ದಾನೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಹೆಸರಿಟ್ಟಾಗ ಘಟ್ಟದ ಕಂಡಿಗಳೂ ಪಡುಗರೆಯ ಬಂದರುಗಳೂ ಮೈಸೂರಿಗೆ ಸೇರಿದವು. ಬಯಲಿನಲ್ಲಿ ಬೆಳೆದ ಅಂಚೆಗೆ ಕಾಡನ್ನು ದಾಟುವ ಅಗತ್ಯ ಅಲ್ಲಿಂದ ಮೊದಲಾಯಿತು. ಸುದ್ದಿಯನ್ನು ಹೊತ್ತು ಓಡುವವನಿಗೆ ಪಾರಸಿಯ ಹರ್ಕಾರಾ ಶಬ್ದದಿಂದ ಬಂದ 'ಹರಿಕಾರ'ನೆಂಬ ಹೆಸರು ನಮ್ಮಲ್ಲಿ ರೂಢವಾಗಿತ್ತು. ಇಂದು ನವೋದಯದ ಹರಿಕಾರ, ಸುಧಾರಣೆಯ ಹರಿಕಾರ ಎಂದು ಸಭೆಗಳಲ್ಲಿ ಹೊಗಳಿಸಿಕೊಳ್ಳುವವರು ಆ ಬರಿಗಾಲಿನ ಮನುಷ್ಯನ ಹೆಸರನ್ನು ಎರವಲು ಪಡೆದಿದ್ದಾರೆ.

ನಗರಕ್ಕೂ ಕುಂದಾಪುರಕ್ಕೂ ನೇರ ಅಂತರ ಸುಮಾರು 40 ಕಿಲೋಮೀಟರು. ಏಣುದಾರಿಯ ಬಳಸನ್ನು ಸೇರಿಸಿ 50 ಎಂದಿಟ್ಟುಕೊಳ್ಳೋಣ. ಏರಿಳಿತಗಳನ್ನು ಗಣಿಸಿ ಗಂಟೆಗೆ 6 ಕಿಲೋಮೀಟರು ವೇಗವೆಂದು ಹಿಡಿದರೂ, ಆಳು ಬದಲಾಗುತ್ತ ಸಾಗುವ ಓಲೆಯು ಒಂಬತ್ತು ಗಂಟೆಗಳೊಳಗೆ ಕಡಲನ್ನು ಮುಟ್ಟುತ್ತದೆ. ಇದು ನಮ್ಮ ಊಹೆಯ ಲೆಕ್ಕ, ಮಳೆಗಾಲಕ್ಕೆ ಅನ್ವಯಿಸದು. ಆದರೂ ನಸುಕಿನಲ್ಲಿ ಹೊರಟ ಓಲೆ ಸಂಜೆಗೆ ಮೊದಲು ಬಂದರಿನಲ್ಲಿರುವುದು ಅಸಾಧ್ಯವಲ್ಲವೆಂಬುದು ಸ್ಪಷ್ಟ. ಹೇರೆತ್ತುಗಳಿಗೆ ಅದೇ ದಾರಿ ಕೆಲವು ದಿನಗಳದು. ಸರಕಿಗೂ ಸುದ್ದಿಗೂ ಇದ್ದ ಈ ಅಂತರವೇ ಆಳುವವನಿಗೆ ಲಾಭ: ಬಂದರಿನ ಬೆಲೆಯೂ ಹಡಗುಗಳ ಸಮಾಚಾರವೂ ವ್ಯಾಪಾರಿಯ ಎತ್ತಿಗಿಂತ ಮುಂಚೆ ಅರಮನೆಗೆ ತಿಳಿಯುತ್ತಿದ್ದಿತು.

ದಾರಿ ಕಡಿದರೆ ಏನಾಗುವುದೆಂಬುದಕ್ಕೆ 1783ರ ಪ್ರಸಂಗವೇ ಸಾಕ್ಷಿ. ಹೈದರನು 1782ರ ಡಿಸೆಂಬರಿನಲ್ಲಿ ತೀರಿಕೊಂಡನು. ಮರುತಿಂಗಳೇ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಕುಂದಾಪುರದಿಂದ ಹೊರಟು, ಕೋಟೆಕೊತ್ತಲಗಳಿಂದ ಕಾದಿದ್ದ ಹೊಸಂಗಡಿಯ ಘಟ್ಟವನ್ನು ಹತ್ತಿ ನಗರವನ್ನು ವಶಪಡಿಸಿಕೊಂಡನು. ಅವನ ಗೆಲುವು ಕೆಲವೇ ತಿಂಗಳು ಬಾಳಿತು. ಟಿಪ್ಪುವಿನ ಸೈನ್ಯವು ಬಂದು ಘಟ್ಟದ ಕಂಡಿಗಳನ್ನು ಹಿಡಿಯಿತು, ಕರಾವಳಿಯ ಸಂಪರ್ಕ ತಪ್ಪಿತು, ಮ್ಯಾಥ್ಯೂಸನು ಶರಣಾಗತನಾದನು.

ಘಟ್ಟದ ಮೇಲು ಕೆಳಗುಗಳನ್ನು ಎರಡು ಲೋಕಗಳೆಂದು ಭಾವಿಸುವ ಆಡಳಿತದ ನಕಾಶೆಯೂ ಇಂಥದೇ ಪ್ರಮಾದಕ್ಕೆ ಗುರಿಯಾಗುತ್ತದೆ. ಅಮರ ಸುಳ್ಯ, ಪುತ್ತೂರು ಸೀಮೆಗಳು ಘಟ್ಟದ ಕೆಳಗಿದ್ದರೂ 1834ರವರೆಗೆ ಕೊಡಗಿನ ಅರಸರಿಗೆ ಸೇರಿದ್ದವು. ಅಲ್ಲಿನ ರೈತರು ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದರು. ಕಂಪನಿಯವರು ಆ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ ನಗದನ್ನೇ ಕೇಳಿದರು. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದೆದ್ದ ಜನ ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರಿನ ಮೇಲಿಂದ ನಡೆದು ಮಂಗಳೂರನ್ನೇ ಕೆಲವು ದಿನ ತಮ್ಮ ವಶದಲ್ಲಿಟ್ಟುಕೊಂಡರು.

ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಹಿಂದೂಸ್ಥಾನದ ಅಂಚೆಯಲ್ಲಿ ಲೀನವಾಯಿತು. 1979ರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ 57 ಸುರಂಗಗಳ ಮೂಲಕ ರೈಲು ಇಳಿಯಿತು. ಈಚೆಗೆ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ದೂರದೋಟದ ಸ್ಪರ್ಧೆಗಳೂ ನಡೆಯುತ್ತಿವೆ. ಅವುಗಳಲ್ಲಿ ಓಡುವ ನಮ್ಮ ವಿದ್ಯಾರ್ಥಿಯೊಬ್ಬನು, ಏಣಿನ ಮೇಲೆ ಉಸಿರು ಹಿಡಿಯುವ ಬಗೆಯನ್ನು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ನಮಗೆ ತಿಳಿಸಿಕೊಟ್ಟನು. ಆದರೆ ಹಳೆಯ ದಾರಿಗಳನ್ನು ಅಳೆಯುವ ಕೆಲಸ ಬಹಳ ಕಾಲ ಕಾಯಲಾರದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಶರಾವತಿಯ ಮೇಲ್ಕಣಿವೆಯ ಅನೇಕ ಹಳ್ಳಿಗಳನ್ನೂ ಅವುಗಳ ನಡುವಣ ಕಾಲುದಾರಿಗಳನ್ನೂ ಮುಳುಗಿಸಿತು. ಉಳಿದ ಕಡೆಗಳಲ್ಲಿ ರಸ್ತೆಯನ್ನು ಅಗಲಿಸುವವರ ಯಂತ್ರ ಮೊದಲು ಕೈಹಾಕುವುದು ಏಣಿನ ಬುಡಕ್ಕೇ. ಬರುವ ಮಾರ್ಗಶಿರದಲ್ಲಿ, ಕಾಡು ಒಣಗಿ ಕಾಲುದಾರಿ ಕಣ್ಣಿಗೆ ಕಾಣುವ ಹೊತ್ತಿಗೆ, ಅರಣ್ಯ ಇಲಾಖೆಯ ಅನುಮತಿಯೊಡನೆ ನಮ್ಮ ವಿಭಾಗದಿಂದ ಹೊಸಂಗಡಿಯ ಕಡೆಗೆ ಹೊರಡಬೇಕೆಂದಿದ್ದೇವೆ. ಆ ಭಾಗದ ಕಾಲೇಜುಗಳ ಅಧ್ಯಾಪಕರಲ್ಲಿ ಮನೆಯ ಹಿರಿಯರಿಂದ ಹೇರುದಾರಿಗಳ ಹೆಸರನ್ನು ಕೇಳಿ ಬಲ್ಲವರು ಅವನ್ನು ಬರೆದು ಕಳುಹಿಸಿದರೆ ಕೃತಜ್ಞರಾಗಿರುತ್ತೇವೆ.