ಎತ್ತಿನ ಗಾಡಿ ಏರಿದ ಪೆಟ್ರೋಲು

ಡಾಂಬರಿನ ಮೇಲೆ ಎತ್ತು ನಡೆಯುವ ಸದ್ದೇ ಬೇರೆ. ಹೊಲದ ಮಣ್ಣಿನಲ್ಲಿ ಹೂತುಹೋಗುವ ಲಾಳದ ಟಕಟಕ ರಾಜಧಾನಿಯ ರಸ್ತೆಯಲ್ಲಿ ದೂರದಿಂದಲೇ ಕೇಳುತ್ತದೆ. 2021ರ ಸೆಪ್ಟೆಂಬರ್ 13, ಸೋಮವಾರ, ವಿಧಾನಮಂಡಲ ಅಧಿವೇಶನದ ಮೊದಲ ದಿನ. ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ಎತ್ತಿನ ಗಾಡಿ ಏರಿ ವಿಧಾನಸೌಧಕ್ಕೆ ಹೊರಟಿದ್ದರು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತ್ತು. ಆ ವರ್ಷದ ಜೂನ್‌ನಲ್ಲೇ ಕಾಂಗ್ರೆಸ್ಸಿನವರು ಬಂಕುಗಳ ಮುಂದೆ ‘ಹಂಡ್ರೆಡ್ ನಾಟ್ ಔಟ್’ ಎಂದು ಐದು ದಿನ ಕೂಗಿದ್ದರು. ಗಾಡಿ ಅದರ ಎರಡನೇ ಅಂಕ.

ಇಂಥ ಮೆರವಣಿಗೆಯನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಮೂಗುದಾರ ಹಿಡಿದ ಗಾಡಿಯವನಿಗೆ ಎತ್ತುಗಳದೇ ಚಿಂತೆ. ಸಿಗ್ನಲ್ಲು, ಹಾರ್ನು, ಜೈಕಾರ ಯಾವುದೂ ಅವಕ್ಕೆ ಅಭ್ಯಾಸವಿಲ್ಲ. ನಾಯಕರು ನೊಗದ ಹಿಂದೆ ನಿಂತು ಕೈ ಬೀಸುತ್ತಾರೆ. ಗಾಡಿ ಕುಲುಕಿದಾಗ ಪಕ್ಕದವರ ಹೆಗಲು ಹಿಡಿಯುತ್ತಾರೆ. ಛಾಯಾಗ್ರಾಹಕರು ಹಿಮ್ಮುಖವಾಗಿ ನಡೆಯುತ್ತಾ ಒಬ್ಬರನ್ನೊಬ್ಬರು ತುಳಿಯುತ್ತಾರೆ. ಹಿಂದೆ ಪೊಲೀಸ್ ಜೀಪು, ಟೀವಿಯವರ ವ್ಯಾನು, ಮುಖಂಡರನ್ನು ವಾಪಸು ಕರೆದೊಯ್ಯಬೇಕಾದ ಕಾರುಗಳ ಸಾಲು, ಎಲ್ಲವೂ ಎತ್ತಿನ ವೇಗಕ್ಕೆ ತಗ್ಗಿ ಮೊದಲ ಗೇರಿನಲ್ಲಿ ತೆವಳುತ್ತವೆ. ಇಂಧನ ದುಬಾರಿಯಾಯಿತೆಂದು ನಡೆಯುವ ಮೆರವಣಿಗೆಯಷ್ಟು ಇಂಧನ ಉರಿಸುವ ಮೆರವಣಿಗೆ ಇನ್ನೊಂದಿಲ್ಲ. ಗಾಡಿಯವನ ಹೆಸರನ್ನು ಮರುದಿನದ ಪತ್ರಿಕೆಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಈ ನಾಟಕದ ಮೊದಲ ಪ್ರಯೋಗ ಕಾಂಗ್ರೆಸ್ಸಿನದಲ್ಲ. 1973ರ ನವೆಂಬರ್ 12ರಂದು ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಸಂಸತ್ತಿಗೆ ಎತ್ತಿನ ಗಾಡಿಯಲ್ಲಿ ಬಂದಿದ್ದರು. ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದ ಕಾಲ ಅದು. ಇಂದಿರಾ ಗಾಂಧಿ ಸರ್ಕಾರ ಪೆಟ್ರೋಲ್ ಬೆಲೆಯನ್ನು ಒಮ್ಮೆಲೇ ಏರಿಸಿತ್ತು. ಪೆಟ್ರೋಲ್ ಉಳಿಸಿ ಎಂದು ಜನರಿಗೆ ಹೇಳಲು ಪ್ರಧಾನಿಯೇ ಕುದುರೆ ಸಾರೋಟಿನಲ್ಲಿ ಓಡಾಡುತ್ತಿದ್ದರು. ಆಳುವವರು ಕುದುರೆಯ ಮೇಲೆ, ಎದುರಾಳಿಗಳು ಎತ್ತಿನ ಮೇಲೆ. ಅಂದಿನಿಂದ ಎತ್ತು ವಿರೋಧ ಪಕ್ಷದ ಸೊತ್ತಾಗಿಯೇ ಉಳಿದಿದೆ. ಪಕ್ಷಗಳು ಮಾತ್ರ ಇಳಿದು ಹತ್ತುತ್ತಿರುತ್ತವೆ.

ಹಾಗಾಗಿ 2024ರ ಜೂನ್ 15ರಂದು ಅದೇ ಸಿದ್ದರಾಮಯ್ಯನವರ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ, ಡೀಸೆಲಿನದನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿದಾಗ ಪಾತ್ರಧಾರಿಗಳಿಗೆ ಮಾತು ಕಲಿಯುವ ಶ್ರಮವಿರಲಿಲ್ಲ, ವೇಷ ಬದಲಿಸಿಕೊಂಡರೆ ಸಾಕಿತ್ತು. ಬೆಂಗಳೂರಿನಲ್ಲಿ ₹99.84 ಇದ್ದ ಪೆಟ್ರೋಲು ₹102.84 ಆಯಿತು. ಬಿಜೆಪಿ ಜಿಲ್ಲೆ ಜಿಲ್ಲೆಗಳಲ್ಲಿ ಬೀದಿಗಿಳಿಯಿತು. ನಾಯಕರು ಸೈಕಲ್ ಏರಿ ವಿಧಾನಸೌಧದತ್ತ ಹೊರಟರು. ಗ್ಯಾರಂಟಿ ಯೋಜನೆಗಳಿಗೆ ದುಡ್ಡಿಲ್ಲದೆ ಜನರ ಟ್ಯಾಂಕಿಗೆ ಕೈ ಹಾಕಿದ್ದಾರೆ ಎಂಬುದು ಅವರ ದೂರು. ನಿಮ್ಮ ಕಾಲದಲ್ಲಿ ಶೇ 35 ಇತ್ತಲ್ಲ, ನೆರೆಯ ರಾಜ್ಯಗಳನ್ನು ನೋಡಿ ಎಂಬುದು ಮುಖ್ಯಮಂತ್ರಿಯ ಉತ್ತರ. ಎರಡೂ ನಿಜ, ಎರಡೂ ಅರ್ಧ. ಜೂನ್ 17ರಂದು ಶಿವಮೊಗ್ಗದ ಪ್ರತಿಭಟನೆಯಲ್ಲಿ ವಿಧಾನ ಪರಿಷತ್ತಿನ ಮಾಜಿ ಸದಸ್ಯ ಎಂ.ಬಿ. ಭಾನುಪ್ರಕಾಶ್ ಕುಸಿದು ತೀರಿಕೊಂಡರು. ಎಲ್ಲವನ್ನೂ ನಾಟಕವೆಂದು ನಕ್ಕುಬಿಡಲು ಬಿಡದ ಸಂಗತಿ ಅದು.

ಆ ಶೇ 35ರ ಕಥೆಗೂ ಒಂದು ಮೆರವಣಿಗೆಯಷ್ಟು ತಿರುವುಗಳಿವೆ. 2018ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ರೈತರ ಸಾಲ ಮನ್ನಾಕ್ಕೆ ಹಣ ಹೊಂದಿಸುತ್ತಾ ಪೆಟ್ರೋಲ್ ತೆರಿಗೆಯನ್ನು 30ರಿಂದ 32ಕ್ಕೆ ಒಯ್ದರು. ಸೆಪ್ಟೆಂಬರ್‌ನಲ್ಲಿ ಎರಡು ರೂಪಾಯಿ ಇಳಿಸಿದರು, ಮರುವರ್ಷ ಜನವರಿಯಲ್ಲಿ ಮತ್ತೆ ಏರಿಸಿದರು. 2020ರ ಬಜೆಟ್‌ನಲ್ಲಿ ಬಿಜೆಪಿಯ ಯಡಿಯೂರಪ್ಪ 35 ಮಾಡಿದರು. 2021ರ ದೀಪಾವಳಿಗೆ ಬೊಮ್ಮಾಯಿ ಏಳು ರೂಪಾಯಿ ಇಳಿಸಿದರು. ಎತ್ತಿನ ಗಾಡಿ ವಿಧಾನಸೌಧ ತಲುಪಿ ಆಗ ಎರಡು ತಿಂಗಳೂ ತುಂಬಿರಲಿಲ್ಲ, ಆದರೆ ಇಳಿಕೆಗೆ ಗಾಡಿಗಿಂತ ಉಪಚುನಾವಣೆಗಳಲ್ಲಿ ಬಿದ್ದ ಪೆಟ್ಟೇ ಹೆಚ್ಚು ಕಾರಣ ಎಂದು ಅಂದು ಎಲ್ಲರೂ ಆಡಿಕೊಂಡರು. ನನಗೂ ಹಾಗೆಯೇ ಅನ್ನಿಸಿತ್ತು.

ಬೆಲೆಗೆ ಪಂಚಾಂಗ ಗೊತ್ತು. ಕಾಗದದ ಮೇಲೆ ನೋಡಿದರೆ ಪೆಟ್ರೋಲ್ ಬೆಲೆ 2010ರ ಜೂನ್‌ನಿಂದ, ಡೀಸೆಲ್ 2014ರ ಅಕ್ಟೋಬರ್‌ನಿಂದ ಸರ್ಕಾರದ ಹಂಗಿಲ್ಲದ ಸ್ವತಂತ್ರ ಜೀವಿಗಳು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಆರಕ್ಕೆ ಹೊಸ ದರ. ಆದರೆ 2018ರ ಏಪ್ರಿಲ್ ಕೊನೆಯಲ್ಲಿ, ಕರ್ನಾಟಕ ಮತದಾನಕ್ಕೆ ಅಣಿಯಾಗುತ್ತಿದ್ದಾಗ, ಈ ಸ್ವತಂತ್ರ ಜೀವಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಹತ್ತೊಂಬತ್ತು ದಿನ ಒಂದು ಪೈಸೆ ಅಲ್ಲಾಡಲಿಲ್ಲ. ಮೇ 12ಕ್ಕೆ ಮತದಾನ, ಮೇ 14ಕ್ಕೆ ಬೆಲೆ ಎದ್ದು ಮೈಮುರಿಯಿತು. 2021ರ ನವೆಂಬರ್‌ನಿಂದ ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ ನಾಲ್ಕೂವರೆ ತಿಂಗಳು ನಿದ್ದೆ. 2022ರ ಮಾರ್ಚ್ 22ರಂದು ಎಚ್ಚರವಾಗಿ ಹದಿನಾರು ದಿನದಲ್ಲಿ ಹದಿನಾಲ್ಕು ಬಾರಿ ಏರಿ ಹತ್ತು ರೂಪಾಯಿ ನುಂಗಿತು. 2024ರ ಮಾರ್ಚ್ 15ಕ್ಕೆ ಎರಡು ರೂಪಾಯಿ ಇಳಿಕೆ, ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟ. ರಾಜ್ಯವೇನೂ ಇದಕ್ಕೆ ಹೊರತಲ್ಲ. ಜೂನ್ 4ಕ್ಕೆ ಮತ ಎಣಿಕೆ ಮುಗಿದು ಹನ್ನೊಂದು ದಿನಕ್ಕೆ ಮೂರು ರೂಪಾಯಿ ಬಂತಲ್ಲ!

ಬೆಳಗಿನ ಆರು ಗಂಟೆಯ ಬಂಕು ನೋಡಲು ಚೆಂದ. ರಾತ್ರಿ ಪಾಳಿಯವನು ಕುರ್ಚಿಯಲ್ಲೇ ತೂಕಡಿಸಿ ಎದ್ದು ಮುಖ ತೊಳೆಯುತ್ತಾನೆ. ಹೊಸ ದರ ಕಂಪನಿಯ ಕಂಪ್ಯೂಟರಿನಿಂದ ನೇರ ಯಂತ್ರಕ್ಕೆ ಬಂದು ಕೂರುತ್ತದೆ, ಯಾರೂ ಮುಟ್ಟಬೇಕಿಲ್ಲ. ಟ್ಯಾಂಕರ್ ಬಂದಿದ್ದರೆ ಎಣ್ಣೆ ತಿಳಿಯಾಗಲು ಸ್ವಲ್ಪ ಹೊತ್ತು ಬಿಟ್ಟು, ಹಿತ್ತಾಳೆಯ ಅಳತೆಕೋಲಿಗೆ ನೀರು ಕಂಡುಹಿಡಿಯುವ ಪೇಸ್ಟು ಬಳಿದು ನೆಲದಡಿಯ ತೊಟ್ಟಿಗೆ ಇಳಿಬಿಡುತ್ತಾರೆ. ನೀರು ತಗುಲಿದರೆ ಬಣ್ಣ ಬದಲಾಗುತ್ತದೆ. ಗಾಜಿನ ಜಾಡಿಯಲ್ಲಿ ಸಾಂದ್ರತೆ ಅಳೆದು ದಫ್ತರದಲ್ಲಿ ಬರೆಯುತ್ತಾರೆ. ಮೂಲೆಯಲ್ಲಿ ಕಾನೂನು ಮಾಪನ ಇಲಾಖೆಯ ಮುದ್ರೆ ಹೊತ್ತ ಐದು ಲೀಟರಿನ ಅಳತೆ ಪಾತ್ರೆ. ಕೇಳಿದವರಿಗೆ ಅಳೆದು ತೋರಿಸಬೇಕು, ಕೇಳುವವರು ಅಪರೂಪ. ಆದರೂ ಜನರ ಅನುಮಾನ ಎಲ್ಲಿಗೂ ಹೋಗಿಲ್ಲ. ಬೈಕಿನವರು ರೌಂಡ್ ಫಿಗರ್ ಬೇಡವೆಂದು ‘ನೂರಾಹತ್ತಕ್ಕೆ ಹಾಕಿ’ ಅನ್ನುತ್ತಾರೆ. ‘ಜೀರೋ ನೋಡ್ಕೊಳ್ಳಿ ಸಾರ್’ ಅನ್ನುವುದು ದಿನಕ್ಕೆ ನೂರಾರು ಸಲ ಹೇಳಬೇಕಾದ ಮಂತ್ರ. ಬೆಲೆ ಏರಿದ ದಿನ ‘ಏನ್ರೀ ಇದು, ನಿನ್ನೆ ಇಷ್ಟಿರಲಿಲ್ಲವಲ್ಲ?’ ಎಂದು ಪೈಪು ಹಿಡಿದ ಹುಡುಗಿಯನ್ನೇ ಗದರುತ್ತಾರೆ. ಮಂತ್ರಿಗಳು ಕೈಗೆ ಸಿಗುವುದಿಲ್ಲ, ಇವಳು ಸಿಗುತ್ತಾಳೆ.

ಅವಳ ಕೈಯ ಪೈಪಿನಲ್ಲಿ ಹರಿಯುವುದರಲ್ಲಿ ಎಣ್ಣೆ ಎಷ್ಟು? 2024ರ ಜುಲೈ ಮೊದಲ ದಿನ ದೆಹಲಿಯಲ್ಲಿ ಪೆಟ್ರೋಲು ₹94.72. ಅದರಲ್ಲಿ ಸಾಗಣೆ ಸೇರಿ ಎಣ್ಣೆಗೆ ₹55.66, ಬಂಕಿನ ಮಾಲೀಕರಿಗೆ ಕಮಿಷನ್ ₹3.77. ಮಿಕ್ಕ ₹35 ಚಿಲ್ಲರೆ ತೆರಿಗೆ. ಕೇಂದ್ರದ್ದು ₹19.90, ದೆಹಲಿ ಸರ್ಕಾರದ್ದು ₹15.39. ಕೇಂದ್ರ ತನ್ನ ಪಾಲನ್ನು ಲೀಟರಿಗೆ ಇಷ್ಟು ಎಂದು ರೂಪಾಯಿಯಲ್ಲಿ ಕತ್ತರಿಸುತ್ತದೆ. ನಮ್ಮ ರಾಜ್ಯ ಶೇಕಡಾವಾರು ಹಾಕುತ್ತದೆ, ಅದೂ ಕೇಂದ್ರದ ಸುಂಕ ಮತ್ತು ಕಮಿಷನ್ ಕೂಡಿಸಿದ ಮೊತ್ತದ ಮೇಲೆ. ಅಂದರೆ ತೆರಿಗೆಯ ಮೇಲೊಂದು ತೆರಿಗೆ. ಕೇಂದ್ರ ಸುಂಕ ಏರಿಸಿದಾಗ ಬೆಂಗಳೂರು ಬೈಯುತ್ತದೆ, ಆ ಹೊತ್ತಿಗೆ ಅದರ ಖಜಾನೆಗೂ ಸದ್ದಿಲ್ಲದೆ ನಾಲ್ಕು ಕಾಸು ಹೆಚ್ಚು ಬಿದ್ದಿರುತ್ತದೆ.

ಬೆಂಗಳೂರಿನ ಸಿಟ್ಟಿಗೂ ಕಾರಣವಿದೆ. 2014ರಲ್ಲಿ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ ₹9.48, ಡೀಸೆಲ್ ಮೇಲೆ ₹3.56. ಜಗತ್ತಿನಲ್ಲಿ ಕಚ್ಚಾತೈಲ ಅಗ್ಗವಾದಾಗಲೆಲ್ಲ ಸುಂಕ ಏರುತ್ತಾ ಬಂತು. ಲಾಕ್‌ಡೌನಿನಲ್ಲಿ ರಸ್ತೆಗಳು ಖಾಲಿ ಬಿದ್ದಿದ್ದ 2020ರ ಮೇ ತಿಂಗಳ ಒಂದು ರಾತ್ರಿ ಪೆಟ್ರೋಲಿಗೆ ಹತ್ತು, ಡೀಸೆಲಿಗೆ ಹದಿಮೂರು ರೂಪಾಯಿ ಸೇರಿಸಿದರು. ಮೊತ್ತ ₹32.98 ಮತ್ತು ₹31.83ಕ್ಕೆ ಮುಟ್ಟಿತು. ತೈಲ ಕುಸಿದಿದ್ದರಿಂದ ಬಂಕಿನ ಫಲಕ ಅಂದು ಬದಲಾಗಲಿಲ್ಲ, ನಮಗೆ ಬರಬೇಕಿದ್ದ ಇಳಿಕೆ ಬರಲಿಲ್ಲ ಅಷ್ಟೇ. ಬಾರದ ಇಳಿಕೆಗೆ ಯಾರೂ ಗಾಡಿ ಕಟ್ಟುವುದಿಲ್ಲ. ಯುಪಿಎ ಕಾಲದ ತೈಲ ಬಾಂಡುಗಳ ಸಾಲ ತೀರಿಸಬೇಕಿದೆ ಎಂದು 2021ರಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೊಟ್ಟ ಸಮಜಾಯಿಷಿ ಸಂಪೂರ್ಣ ಸುಳ್ಳಲ್ಲ. ಆದರೆ ಆ ಸಾಲಕ್ಕೆ ಹೋಲಿಸಿದರೆ ಬಂದ ಸುಂಕ ಎಷ್ಟೋ ಪಟ್ಟು ದೊಡ್ಡದು. ಮುಂದೆ ಎರಡು ಕಂತಿನಲ್ಲಿ ಸುಂಕ ಇಳಿದು ₹19.90ಕ್ಕೆ ನಿಂತಿತಲ್ಲ, ಅದರೊಳಗೆ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ ₹1.40 ಮಾತ್ರ. ಉಳಿದದ್ದೆಲ್ಲ ಸೆಸ್ಸು, ಹೆಚ್ಚುವರಿ ಸುಂಕ ಎಂಬ ಹೆಸರಿನವು. ಅವು ದೆಹಲಿಯ ತಿಜೋರಿ ಬಿಟ್ಟು ಕದಲುವುದಿಲ್ಲ.

ಹಾಗಾದರೆ ಜಿಎಸ್‌ಟಿಗೆ ತಂದುಬಿಡಿ ಎಂದು ಪ್ರತಿ ಹರಟೆಕಟ್ಟೆಯಲ್ಲೂ ಒಬ್ಬರು ಹೇಳುತ್ತಾರೆ. 2021ರ ಸೆಪ್ಟೆಂಬರ್ 17ರಂದು, ಬೆಂಗಳೂರಿನ ಗಾಡಿ ಮೆರವಣಿಗೆ ಮುಗಿದ ಅದೇ ವಾರದ ಶುಕ್ರವಾರ, ಲಖನೌದಲ್ಲಿ ಜಿಎಸ್‌ಟಿ ಮಂಡಳಿ ಸೇರಿತ್ತು. ಕೇರಳ ಹೈಕೋರ್ಟಿನ ಸೂಚನೆಯಿದ್ದ ಕಾರಣ ಪೆಟ್ರೋಲಿನ ವಿಷಯ ಮೇಜಿಗೆ ಬಂತು. ಆ ಮಂಡಳಿಯಲ್ಲಿ ಅಂದು ಬಿಜೆಪಿ, ಕಾಂಗ್ರೆಸ್, ಸಿಪಿಎಂ, ಡಿಎಂಕೆ ಸರ್ಕಾರಗಳೆಲ್ಲಕ್ಕೂ ಸ್ಥಾನವಿತ್ತು. ಇದು ತಕ್ಕ ಸಮಯವಲ್ಲ ಎಂದು ಮಂಡಳಿ ತೀರ್ಮಾನಿಸಿತು. ಬೀದಿಯಲ್ಲಿ ಕಚ್ಚಾಡುವವರು ಕೋಣೆಯೊಳಗೆ ಇಷ್ಟು ಬೇಗ ಒಮ್ಮತಕ್ಕೆ ಬಂದ ವಿಷಯ ಬೇರೆ ಇರಲಿಕ್ಕಿಲ್ಲ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವಾಗಿ ತಿರುಗಿಸಬಹುದಾದ ದೊಡ್ಡ ನಲ್ಲಿಗಳು ಹೆಂಡ, ನೋಂದಣಿ ಶುಲ್ಕ, ಇಂಧನ ಇಂಥ ಕೆಲವೇ. 2024ರ ಏರಿಕೆಯಿಂದ ಕರ್ನಾಟಕಕ್ಕೆ ವರ್ಷಕ್ಕೆ ₹2,500 ಕೋಟಿಗೂ ಮಿಕ್ಕಿ ಬರುತ್ತದೆ ಎಂಬ ಲೆಕ್ಕವಿತ್ತು. ಯಾವ ಹಣಕಾಸು ಸಚಿವ ಬಿಟ್ಟಾನು?

2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಶೇ 21.17ಕ್ಕೆ ಏರಿ, ಬೆಂಗಳೂರಿನಲ್ಲಿ ದರ ₹91ರ ಆಸುಪಾಸಿಗೆ ಬಂತು. ಬಿಜೆಪಿ ಏಪ್ರಿಲ್ 7ರಂದು ಮೈಸೂರಿನಿಂದ ಜನಾಕ್ರೋಶ ಯಾತ್ರೆ ಹೊರಡಿಸಿತು. ಬೆಲೆ ಏರಿಕೆಯೇ ಯಾತ್ರೆಯ ಮುಖ್ಯ ಸರಕು. ಅಂದೇ ದೆಹಲಿಯಿಂದ ಸುದ್ದಿ ಬಂತು: ಪೆಟ್ರೋಲ್, ಡೀಸೆಲ್ ಮೇಲಿನ ಕೇಂದ್ರದ ಸುಂಕ ಲೀಟರಿಗೆ ಎರಡು ರೂಪಾಯಿ ಏರಿಕೆ, ಅಡುಗೆ ಅನಿಲದ ಸಿಲಿಂಡರಿಗೆ ಐವತ್ತು ರೂಪಾಯಿ ಹೆಚ್ಚಳ. ಸುಂಕವನ್ನು ತೈಲ ಕಂಪನಿಗಳೇ ನುಂಗಿಕೊಂಡವು, ಸಿಲಿಂಡರಿನದು ಅಡುಗೆಮನೆಗೇ ಬಂತು. ವೇದಿಕೆಯ ಮೇಲಿದ್ದವರ ಮುಖ ಹೇಗಿದ್ದೀತೆಂದು ಊಹಿಸಿಕೊಂಡು ಕಾಂಗ್ರೆಸ್ಸಿನವರು ಒಂದು ವಾರ ನಕ್ಕರು. ಅವರ ನಗುವೂ ಬಹಳ ದಿನ ಉಳಿಯಲಿಲ್ಲ. ಡೀಸೆಲ್ ದರ ಇಳಿಸಿ ಎಂದು ಏಪ್ರಿಲ್ 14ರ ನಡುರಾತ್ರಿಯಿಂದ ಲಾರಿ ಮಾಲೀಕರು ಗಾಲಿ ನಿಲ್ಲಿಸಿದರು. ಮೂರು ದಿನ ರಸ್ತೆಬದಿಯಲ್ಲಿ ಲಾರಿಗಳ ಸಾಲು, ಅವುಗಳ ನೆರಳಲ್ಲಿ ಸ್ಟೌ ಹೊತ್ತಿಸಿ ಅನ್ನ ಬೇಯಿಸಿಕೊಳ್ಳುವ ಚಾಲಕರು. ಆಮೇಲೆ ಮಾತುಕತೆ, ಮುಷ್ಕರ ವಾಪಸು. ಡೀಸೆಲ್ ದರ ಎಲ್ಲಿತ್ತೋ ಅಲ್ಲೇ.

ಈ ಇಡೀ ಜಗಳವನ್ನು ಒಂದೇ ನೋಟದಲ್ಲಿ ನೋಡಬೇಕೆಂದರೆ ಮಂಗಳೂರಿನ ದಕ್ಷಿಣಕ್ಕೆ, ತಲಪಾಡಿಗೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿ ಕರ್ನಾಟಕ ಬಿಟ್ಟು ಕೇರಳ ಹೊಗುತ್ತದೆ. ಗಡಿಗೆ ಮುಂಚಿನ ಬಂಕುಗಳಲ್ಲಿ, ಕೇರಳಕ್ಕಿಂತ ಅಗ್ಗದ ಎಣ್ಣೆಗಾಗಿ ಬಂದ ಕೆಎಲ್ 14 ನಂಬರಿನ ಆಟೊ, ಕಾರು, ಮೀನಿನ ಲಾರಿಗಳು. ತುಳು, ಬ್ಯಾರಿ, ಮಲಯಾಳ, ಕನ್ನಡ ಒಂದೇ ಉಸಿರಿನಲ್ಲಿ. ಮೀನಿನ ನೀರು ಸೋರಿ ಕಾಂಕ್ರೀಟಿನ ಮೇಲೆ ಎಣ್ಣೆಯ ಕಲೆಗೆ ಬೆರೆಯುತ್ತದೆ. ಕಾಸರಗೋಡಿನ ಕಡೆಯವರು ಸಂಬಂಧಿಕರ ಮನೆಗೋ ಆಸ್ಪತ್ರೆಗೋ ಮಂಗಳೂರಿಗೆ ಬಂದರೆ ವಾಪಸಾಗುವಾಗ ಟ್ಯಾಂಕು ತುಂಬಿಸಿಕೊಳ್ಳದೆ ಗಡಿ ದಾಟುವುದಿಲ್ಲ. ತಮಾಷೆಯೆಂದರೆ ಕಚ್ಚಾತೈಲ ಇಳಿಯುವ ನವಮಂಗಳೂರು ಬಂದರು, ಅದನ್ನು ಸೋಸುವ ಎಂಆರ್‌ಪಿಎಲ್, ಬಂಡೆಯೊಳಗಿನ ಗುಹೆಯಲ್ಲಿ ದೇಶದ ಆಪತ್ಕಾಲಕ್ಕೆಂದು 15 ಲಕ್ಷ ಟನ್ ಹಿಡಿಯುವ ಉಗ್ರಾಣ, ಮೂರೂ ಈ ನಗರದ ಇನ್ನೊಂದು ತುದಿಯಲ್ಲೇ ಇವೆ. ಎಣ್ಣೆ ಅಗ್ಗವಾಗುವುದು ಸೋಸುವ ಊರು ಹತ್ತಿರವಿದ್ದುದಕ್ಕಲ್ಲ, ಗಡಿಗೆರೆ ಹತ್ತಿರವಿದ್ದುದಕ್ಕೆ.

ಕೇರಳದ ಎಡರಂಗ ಸರ್ಕಾರ 2023ರ ಏಪ್ರಿಲ್‌ನಿಂದ ಪಿಂಚಣಿಗೆಂದು ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ಅದನ್ನು ವಿರೋಧಿಸಿ ಕಾಂಗ್ರೆಸ್ ಮುಂದಾಳತ್ವದ ಯುಡಿಎಫ್‌ನ ನಾಲ್ವರು ಶಾಸಕರು ಫೆಬ್ರುವರಿಯಲ್ಲೇ ವಿಧಾನಸಭೆಯ ಆವರಣದಲ್ಲಿ ಸತ್ಯಾಗ್ರಹ ಕೂತಿದ್ದರು. ಬಡವರ ಜೇಬಿಗೆ ಕತ್ತರಿ ಎಂಬುದು ಅವರ ವಾದ. ಅದಾಗಿ ವರ್ಷ ಕಳೆದ ಮೇಲೆ ಈಚೆ ಬದಿಯ ಕಾಂಗ್ರೆಸ್ಸು, ಬಡವರ ಯೋಜನೆಗೇ ಈ ಹಣ ಎಂದು ಎಡರಂಗದ ಮಾತನ್ನೇ ಕನ್ನಡದಲ್ಲಿ ಹೇಳಿತು. ನಡುವೆ ಇರುವುದು ಒಂದು ಟೋಲ್ ಗೇಟು ಮತ್ತು ಒಂದಿಷ್ಟು ಗೂಡಂಗಡಿ.

ರಾಜಧಾನಿಗಳ ದರ ಹೋಲಿಸಿದರೆ, 2024ರ ಜೂನ್‌ಗೆ ಮುಂಚೆ ಎರಡು ರಾಜ್ಯಗಳ ಡೀಸೆಲ್ ಅಂತರ ಲೀಟರಿಗೆ ಹತ್ತು ರೂಪಾಯಿ ಮೀರಿತ್ತು. ಆಮೇಲೆ ಏಳಕ್ಕೆ, 2025ರ ಏಪ್ರಿಲ್ ಕಳೆದ ಮೇಲೆ ಐದರ ಆಸುಪಾಸಿಗೆ ಇಳಿಯಿತು. ಇನ್ನೂರು ಲೀಟರು ತುಂಬಿಸುವ ಲಾರಿಯವನಿಗೆ ಎರಡು ಸಾವಿರದ ಉಳಿತಾಯ ಸಾವಿರಕ್ಕೆ ಬಂತು. ಅದರಲ್ಲೂ ಟೋಲ್ ಕಳೆಯಬೇಕು. ಗಡಿಯ ಬಂಕಿನವರ ಬದುಕು ನಿಂತಿರುವುದು ಈ ಅಂತರದ ಮೇಲೆ. ಅವರ ಕಮಿಷನ್ ಲೀಟರಿಗೆ ಇಷ್ಟೇ ಎಂದು ನಿಗದಿಯಾಗಿರುವುದರಿಂದ ಗಾಡಿ ಹೆಚ್ಚು ಬಂದರಷ್ಟೇ ದುಡ್ಡು. ಹೀಗಾಗಿ ಬೆಂಗಳೂರಿನ ಬಜೆಟ್ಟಿಗಿಂತ ತಿರುವನಂತಪುರದ ಬಜೆಟ್ಟನ್ನು ಇಲ್ಲಿ ಹೆಚ್ಚು ಗಮನವಿಟ್ಟು ಕೇಳುತ್ತಾರೆ. ಬೆಲೆ ಏರಿಕೆಯ ಮಾತೆತ್ತಿದರೆ ಮಾಲೀಕರು ಮೊದಲು ಎರಡೂ ಸರ್ಕಾರಗಳನ್ನು ಸಮನಾಗಿ ಬೈಯುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ‘ಆಚೆಯವರು ಇನ್ನೊಂದೆರಡು ರೂಪಾಯಿ ಏರಿಸುವ ಸಾಧ್ಯತೆ ಏನಾದರೂ ಉಂಟಾ?’