ತೂಕ ಮರಳಿದ ಮೇಲೂ ಬೇಕಾದ ಎಚ್ಚರ

ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಮಲ್ಪೆಯ ದೋಣಿಗಳು ಬಂದರಿನಲ್ಲಿ ವಿಶ್ರಮಿಸುತ್ತವೆ. ಹೊರಗೆ ಬಣ್ಣ ಬಳಿದ ಮಾತ್ರಕ್ಕೆ ದೋಣಿಯನ್ನು ಕಡಲಿಗೆ ಇಳಿಸುವವರಿಲ್ಲ; ಅಡಿಭಾಗವನ್ನೂ ಯಂತ್ರವನ್ನೂ ಪರೀಕ್ಷಿಸಿಯೇ ಇಳಿಸುತ್ತಾರೆ. ಆಹಾರಸೇವನೆಯ ವಿಕಾರದಿಂದ ಪಾರಾದ ಎಳೆಯರ ವಿಷಯದಲ್ಲಿಯೂ ಇಂತಹ ಎಚ್ಚರವೇ ಅವಶ್ಯಕ.

ಅನ್ನದ ಕೊರತೆಯಿಂದ ಬರುವ ಕ್ಷೀಣತೆ ಬೇರೆ, ಅನ್ನವಿದ್ದೂ ಉಣ್ಣಲಾರದ ಸ್ಥಿತಿ ಬೇರೆ. ದಪ್ಪವಾದೇನೆಂಬ ಭಯದಿಂದ ಊಟ ತೊರೆಯುವ ಕಾಯಿಲೆಗೆ 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಅವರು ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರನ್ನು ಕೊಟ್ಟರು. ಮಿತಿಮೀರಿ ತಿಂದು, ಬಳಿಕ ಬಲವಂತವಾಗಿ ವಾಂತಿ ಮಾಡಿಕೊಳ್ಳುವ ‘ಬುಲಿಮಿಯಾ’ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಅವರು ವಿವರಿಸಿದರು. ಇವು ಪರದೇಶದ ಕಾಯಿಲೆಗಳೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಬೆಂಗಳೂರಿನ ಮನೋವೈದ್ಯರ ಪೈಕಿ ಸುಮಾರು ಮೂರನೆಯ ಎರಡು ಪಾಲು ಮಂದಿ ಇಂತಹ ರೋಗಿಯನ್ನು ಕಂಡಿರುವುದಾಗಿ ತಿಳಿಸಿದ್ದರು.

ಚಿಕಿತ್ಸೆಯಿಂದ ಅನೇಕರು ಗುಣ ಹೊಂದುತ್ತಾರೆ. ಕೃಶವಾದ ಹೃದಯದ ಸ್ನಾಯು ಬಲಗೊಳ್ಳುತ್ತದೆ. ಮಂದಗೊಂಡ ನಾಡಿ ಸಹಜ ಗತಿಗೆ ಬರುತ್ತದೆ. ನಿಂತುಹೋದ ಮುಟ್ಟು ಬಹುಮಟ್ಟಿಗೆ ಮರಳುತ್ತದೆ, ತಾಯ್ತನವೂ ಸಾಧ್ಯವಾಗುತ್ತದೆ. ಆದರೆ ಎಲುಬಿನ ನಷ್ಟ ಅಷ್ಟು ಸುಲಭವಾಗಿ ತುಂಬುವುದಿಲ್ಲ. ಮನುಷ್ಯನ ಎಲುಬು ತನ್ನ ಗಟ್ಟಿತನದ ಬಹುಭಾಗವನ್ನು ಸಂಪಾದಿಸುವುದು ಹದಿಹರೆಯದಲ್ಲಿ. ಆ ಕಾಲದಲ್ಲಿ ಪೋಷಣೆ ತಪ್ಪಿ, ಈಸ್ಟ್ರೋಜನ್ ಹಾರ್ಮೋನು ಕುಗ್ಗಿದರೆ, ತೂಕ ಮರಳಿದ ಎಷ್ಟೋ ವರ್ಷಗಳ ಅನಂತರವೂ ಎಲುಬು ದುರ್ಬಲವಾಗಿಯೇ ಉಳಿದು, ಅಲ್ಪ ಪೆಟ್ಟಿಗೂ ಮುರಿಯಬಹುದು.

ಹಲ್ಲಿನ ಸ್ಥಿತಿಯೂ ಇಂತಹದೇ. ವಾಂತಿಯೊಡನೆ ಬರುವ ಜಠರದ ಆಮ್ಲವು ಹಲ್ಲಿನ ಹೊರಕವಚವನ್ನು ಸವೆಸುತ್ತದೆ. ಒಮ್ಮೆ ಸವೆದ ಕವಚ ಮತ್ತೆ ಬೆಳೆಯದು. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಸವೆತ ಹೆಚ್ಚುವುದರಿಂದ, ಮೊದಲು ನೀರಿನಿಂದ ಬಾಯಿ ಮುಕ್ಕಳಿಸುವುದು ಲೇಸು.

ಮನಸ್ಸು ಗುಣವಾಗುವುದು ದೇಹಕ್ಕಿಂತ ನಿಧಾನ. ಊಟದ ಮುಂದೆ ಕುಳಿತಾಗ ಹುಟ್ಟುವ ಕಳವಳ ಬಹುಕಾಲ ಉಳಿಯಬಹುದು. ಗುಣವಾದ ಮೊದಲ ವರ್ಷದಲ್ಲಿ ರೋಗ ಮರುಕಳಿಸುವ ಅಪಾಯ ವಿಶೇಷವಾಗಿರುತ್ತದೆ. ಆದುದರಿಂದ ‘ಮೈ ತುಂಬಿಕೊಂಡಿತು, ಇನ್ನೇನು ಚಿಂತೆ’ ಎಂದು ವೈದ್ಯರ ಭೇಟಿಯನ್ನು ನಿಲ್ಲಿಸುವುದು ಸರಿಯಲ್ಲ. ಎಲುಬಿನ ಸಾಂದ್ರತೆಯ ಪರೀಕ್ಷೆ, ದಂತಪರೀಕ್ಷೆ, ಮನೋವೈದ್ಯರ ಸಲಹೆ ಮೂರೂ ಮುಂದುವರಿಯಬೇಕು. ಗರ್ಭಿಣಿಯಾದಾಗ ಹಿಂದಿನ ಕಾಯಿಲೆಯನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಮಲ್ಪೆಯವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1965ರಲ್ಲಿ ದಂತವೈದ್ಯ ಕಾಲೇಜನ್ನೂ ಪಡೆದ ಮಣಿಪಾಲ ಹತ್ತಿರದಲ್ಲಿಯೇ ಇದೆ.

ಶಾಲೆಯ ಹೊಣೆಯೂ ಸಣ್ಣದಲ್ಲ. ಎಲ್ಲರೆದುರು ತೂಕ ನೋಡಿ ನಗುವುದು, ‘ಡುಮ್ಮಿ’ ಎಂದು ಕರೆಯುವುದು, ಗುಣವಾಗಿ ಮರಳಿದವಳಿಗೆ ‘ಈಗ ದಪ್ಪಗಾಗಿದ್ದೀಯೆ’ ಎನ್ನುವುದು, ಇವೆಲ್ಲ ಹಳೆಯ ಭಯವನ್ನು ಕೆರಳಿಸುವ ಮಾತುಗಳು. ಗಂಡುಮಕ್ಕಳಿಗೂ ಈ ಕಾಯಿಲೆ ಬರುವುದುಂಟು. ಪ್ರಸಾದನಿಲಯದ ಪಂಕ್ತಿಯಲ್ಲಿ ಪದೇ ಪದೇ ತಟ್ಟೆ ಸರಿಸಿ ಏಳುವ, ಉಂಡೊಡನೆ ಬಚ್ಚಲಿಗೆ ಧಾವಿಸುವ ಮಗುವನ್ನು ಗದರಿಸದೆ, ಏಕಾಂತದಲ್ಲಿ ಮಾತನಾಡಿಸಿ, ಮನೆಯವರಿಗೂ ವೈದ್ಯರಿಗೂ ತಿಳಿಸುವ ಅಧ್ಯಾಪಕರು ಆ ಮಗುವಿನ ಮುಂದಿನ ನಾಲ್ವತ್ತು ವರ್ಷಗಳ ಎಲುಬನ್ನು ಕಾಪಾಡಿದಂತಾಗುತ್ತದೆ.